ಮುಕ್ಕಾಲು ಸೇರು, ಮೂರು ಚಟಾಕು

ಏಳು ವರ್ಷ ನಾನು ಒಂದು ತಂತ್ರಾಂಶದ ಕೈಲಿ ಬೈಸಿಕೊಂಡೆ. ಅದೇನೂ ಬಾಯಿಬಿಟ್ಟು ಬೈಯುತ್ತಿರಲಿಲ್ಲ. ನಾನು ಬರೆದ ಸಾಲು ತನಗೆ ಒಪ್ಪಿಗೆಯಿಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬರೆದು ಸುಮ್ಮನಾಗುತ್ತಿತ್ತು. ಯಾಕೆ ಒಪ್ಪಿಗೆಯಿಲ್ಲ ಎಂದು ಕೇಳಿದರೆ ಉತ್ತರವಿಲ್ಲ. ಅತ್ತೆಯ ಮನೆಯ ಸುಖ ಕಾಣದ ನನಗೆ ಆ ಕೊರತೆ ನೀಗಿಸಿದ್ದು ಇದೇ ಎಂದು ಕಾಲೇಜಿನಲ್ಲಿ ನಾನೇ ತಮಾಷೆ ಮಾಡಿಕೊಳ್ಳುತ್ತಿದ್ದೆ.

ಅದಕ್ಕೆ ಪ್ರೂಫ್ ಅಸಿಸ್ಟೆಂಟ್ ಎನ್ನುತ್ತಾರೆ. ಹೈಸ್ಕೂಲಿನ ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆಯುತ್ತಿದ್ದೆವಲ್ಲ, ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡುವುದು. ಮೇಷ್ಟ್ರು 'ಇದು ಗೊತ್ತಿರೋದೇ' ಎಂದು ಹಾರಿಸುತ್ತಿದ್ದ ಹಂತಗಳನ್ನೂ ಇದು ಹಾರಿಸಲು ಬಿಡುವುದಿಲ್ಲ. ಎರಡೂ ಎರಡೂ ನಾಲ್ಕು ಎಂಬುದನ್ನೂ ಸಾಧಿಸಿಯೇ ಮುಂದಕ್ಕೆ ಹೋಗಬೇಕು. ಒಮ್ಮೆ ಅದು ಒಪ್ಪಿತು ಎಂದರೆ ಆ ಸಾಧನೆಯಲ್ಲಿ ಎಲ್ಲೂ ಸಂದಿಲ್ಲ ಎಂದು ಅರ್ಥ. ನನ್ನನ್ನು ಹಿಡಿದು ಹಾಕಿದ್ದು ಈ ಮಾತು. ಮನುಷ್ಯರು ಹೂಂ ಅಂದದ್ದರಲ್ಲಿ ನನಗೆ ಯಾವತ್ತೂ ನಂಬಿಕೆ ಇರಲಿಲ್ಲ.

ನಾನು ಸಕಲೇಶಪುರದ ಒಂದು ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ಬೆಳಗೋಡಿನಲ್ಲಿ ನಾನು, ಅವ್ವ ಇಬ್ಬರೇ ಇದ್ದೆವು. ಒಂದಿಷ್ಟು ಗದ್ದೆ, ಹಿತ್ತಿಲಲ್ಲಿ ನಾಲ್ಕು ಸಾಲು ಕಾಫಿ ಗಿಡ. ತೊಂಬತ್ತರ ದಶಕದ ಕೊನೆಯಲ್ಲಿ, ಮೂವತ್ತಾರು ತುಂಬಿದ ಮೇಲೆ, ಪಿಎಚ್.ಡಿ.ಗೆ ಹೆಸರು ಬರೆಸಿದೆ. ಮದುವೆಯ ಮಾತು ನಿಂತುಹೋಗಿತ್ತು. ಅವ್ವನಿಗೆ ಊರಿನವರ ಎದುರು ಮಗಳ ಬಗ್ಗೆ ಹೇಳಿಕೊಳ್ಳಲು ಏನಾದರೊಂದು ಬೇಕಿತ್ತು, ನನಗೂ ಬೇಕಿತ್ತು. ಬೇರೆ ದೊಡ್ಡ ಕಾರಣ ಕೊಟ್ಟರೆ ಸುಳ್ಳಾಗುತ್ತದೆ.

ನನ್ನ ಗೈಡ್ ಹೆಗ್ಗದ್ದೆ ಎಂಬ ಊರಿನವರು. ಹೊರಗೆಲ್ಲೋ ದೊಡ್ಡ ಸಂಸ್ಥೆಯಲ್ಲಿ ಪಾಠ ಮಾಡಿ, ನಿವೃತ್ತರಾಗಿ, ತಮ್ಮ ಪಾಲಿಗೆ ಬಂದ ಸಣ್ಣ ಎಸ್ಟೇಟಿಗೆ ವಾಪಸಾಗಿದ್ದರು. ವಿಶ್ವವಿದ್ಯಾನಿಲಯದ ಗೈಡುಗಳ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇತ್ತು. ಈ ವಿಷಯ ತಿಳಿದವರು ಆ ಪಟ್ಟಿಯಲ್ಲಿ ಅವರೊಬ್ಬರೇ, ಅವರ ಹತ್ತಿರ ಇದನ್ನು ಕೇಳಿಕೊಂಡು ಹೋದವಳು ನಾನೊಬ್ಬಳೇ. ಭಾನುವಾರ ಸಕಲೇಶಪುರಕ್ಕೆ ಬಂದು ಬಸ್ಸು ಹತ್ತಿ, ಇಳಿದಲ್ಲಿಂದ ಜೀಪು ಸಿಕ್ಕರೆ ಜೀಪು, ಇಲ್ಲದಿದ್ದರೆ ನಡಿಗೆ. ಕಾಫಿ ಒಣಗಿಸುವ ಕಣದ ಪಕ್ಕದ ಜಗಲಿಯಲ್ಲಿ ಕೂತು, ನಾನು ತಂದ ಹಾಳೆಗಳ ಮೇಲೆ ಪೆನ್ಸಿಲ್ ಆಡಿಸುತ್ತಾ, "ಇಲ್ಲಿ ಯಾಕ್ ನಿಂತ್ ಹೋಯ್ತು ಮಾರಾಯ್ತಿ?" ಎನ್ನುತ್ತಿದ್ದರು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದು ಆಳುಗಳ ಲೆಕ್ಕ ಹೇಳಲು ನಿಂತರೆ, "ಆಮೇಲ್ ಬಾರೋ" ಎಂದು ಓಡಿಸುತ್ತಿದ್ದರು. ಹಾಗೆ ಓಡಿಸುವಾಗ ಅವರ ಮುಖದಲ್ಲಿ ಒಂದು ಖುಷಿ ಇರುತ್ತಿತ್ತು.

ವಿಷಯ ಕೊಟ್ಟವರೂ ಅವರೇ. ಕಾಫಿ ಬೀಜದಲ್ಲಿ ತೇವ ಎಷ್ಟು ಉಳಿದಿದೆ ಎಂದು ಅಳೆಯುವ ಪುಟ್ಟ ಮೀಟರೊಂದು ಅವರ ಸ್ಟೋರಿನಲ್ಲಿತ್ತು. ಅವರ ಹಳೆಯ ಶಿಷ್ಯರೊಬ್ಬರು ಕೈಯಾರೆ ಕೂರಿಸಿ ಕೊಟ್ಟದ್ದು. ಅದರೊಳಗಿನ ಎಲೆಕ್ಟ್ರಾನಿಕ್ ಚಿಪ್ಪು ಎರಡು ಸಂಖ್ಯೆಗಳನ್ನು ಗುಣಿಸಲು ಅರವತ್ತು ಚಿಲ್ಲರೆ ಸಾಲಿನ ಒಂದು ಪ್ರೋಗ್ರಾಮ್ ಓಡಿಸುತ್ತಿತ್ತು. ಆ ಸಾಲುಗಳು ಹೆಕ್ಸ್ ಅಂಕಿಗಳಲ್ಲಿ ಅಚ್ಚಾದ ಎರಡು ಹಾಳೆ ಅವರ ಹತ್ತಿರವಿದ್ದವು. ಯಾವ ಸಂಖ್ಯೆ ಕೊಟ್ಟರೂ, ಎಂದೆಂದಿಗೂ, ಈ ಪ್ರೋಗ್ರಾಮ್ ತಪ್ಪದೆ ಗುಣಿಸುತ್ತದೆ ಎಂದು ಸಾಧಿಸಬೇಕು. ಇಷ್ಟೇ ನನ್ನ ಪ್ರಬಂಧ. ಕೇಳಿದವರು, "ಮೀಟ್ರು ಸರಿಯಾಗೇ ಕೆಲ್ಸ ಮಾಡ್ತೈತಲ್ಲ, ಮತ್ತೇನ್ರೀ ನಿಮ್ದು?" ಎಂದು ಕೇಳುತ್ತಿದ್ದರು. ಅವರಿಗೆ ಉತ್ತರ ಹೇಳುವುದನ್ನು ಎರಡನೆಯ ವರ್ಷದಲ್ಲೇ ಬಿಟ್ಟೆ.

ಮೊದಲ ತೊಡಕು ಸಂಖ್ಯೆ ಬರೆಯುವುದರಲ್ಲೇ ಬಂತು. ಈ ತಂತ್ರಾಂಶಕ್ಕೆ ಮೂಲದಲ್ಲಿ ಗೊತ್ತಿರುವುದು ಸೊನ್ನೆ ಮತ್ತು 'ಮುಂದಿನದು' ಎರಡೇ. ಮೂರು ಎಂದರೆ ಅದಕ್ಕೆ ಸೊನ್ನೆಯ ಮುಂದಿನದರ ಮುಂದಿನದರ ಮುಂದಿನದು. ಚಿಕ್ಕ ಸಂಖ್ಯೆಗೆ ಸರಿ. ನನ್ನ ಚಿಪ್ಪಿನ ಸಂಖ್ಯೆಗಳೋ ಅರವತ್ತೈದು ಸಾವಿರ ದಾಟುವವು. ಒಂದು ದಿನ ಅಂಥದ್ದೊಂದನ್ನು ಬರೆದೆ. ಹಾಸನದಿಂದ ತಂದ ಹಳೆಯ ಕಂಪ್ಯೂಟರ್ ಅರ್ಧ ಗಂಟೆ ಗೊರಗೊರ ಎಂದು, ಪರದೆ ಕಲ್ಲಾಗಿ ನಿಂತಿತು. ಅಕ್ಕಿಯನ್ನು ಕಾಳು ಕಾಳಾಗಿ ಎಣಿಸಿ ಮೂಟೆ ತುಂಬಿಸಲು ಹೊರಟ ಹಾಗಾಗಿತ್ತು ನನ್ನ ಕೆಲಸ.

ಅದಕ್ಕೇ ಬೈನರಿಗೆ ಹೋದೆ. ಪ್ರತಿ ಸಂಖ್ಯೆಯನ್ನೂ ಸೊನ್ನೆ ಮತ್ತು ಒಂದುಗಳ ಸರಪಳಿಯಾಗಿ ಬರೆಯುವುದು. ಒಂದರ ಸ್ಥಾನ, ಎರಡರ ಸ್ಥಾನ, ನಾಲ್ಕರ ಸ್ಥಾನ, ಎಂಟರ ಸ್ಥಾನ ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ತಂತ್ರಾಂಶದಲ್ಲಿ ಅದಕ್ಕೊಂದು ಕ್ರಮವಿತ್ತು, ಚಿಕ್ಕ ಸ್ಥಾನ ಮೊದಲು, ದೊಡ್ಡದು ಕೊನೆಗೆ. ನಾವು ಕಾಗದದ ಮೇಲೆ ಬರೆಯುವುದಕ್ಕೆ ಉಲ್ಟಾ. ಇದು ನನಗೆ ಗೊತ್ತಿತ್ತು. ಗೋಡೆಗೆ ಒಂದು ಚೀಟಿ ಕೂಡ ಅಂಟಿಸಿದ್ದೆ.

ಆದರೆ ಹದಿನಾರು ಹದಿನಾರು ಸೊನ್ನೆ-ಒಂದುಗಳನ್ನು ಅರವತ್ತು ಸಾಲು ಕುಟ್ಟಿದರೆ ಕಣ್ಣು ಹೋಗುತ್ತದೆ. ಪ್ರೋಗ್ರಾಮ್ ಅಚ್ಚಾಗಿದ್ದದ್ದು ಹೆಕ್ಸಿನಲ್ಲಿ. ಸೊನ್ನೆಯಿಂದ ಒಂಬತ್ತು, ಆಮೇಲೆ ಹತ್ತರಿಂದ ಹದಿನೈದಕ್ಕೆ ಎ ಇಂದ ಎಫ್‌ವರೆಗೆ ಅಕ್ಷರಗಳು, ಒಟ್ಟು ಹದಿನಾರು ಅಂಕಿ. ಒಂದೊಂದು ಅಂಕಿಯೂ ನಾಲ್ಕು ಸೊನ್ನೆ-ಒಂದುಗಳಿಗೆ ಸಮ. ನನ್ನ ಹತ್ತಿರವಿದ್ದ ಆವೃತ್ತಿಗೆ ಹೆಕ್ಸ್ ಓದಲು ಬರುತ್ತಿರಲಿಲ್ಲ. ಬೇಕಾದವರು ತಾವೇ ಕೋಷ್ಟಕ ಬರೆದುಕೊಳ್ಳಬೇಕು, ಯಾವ ಅಂಕಿಗೆ ಯಾವ ನಾಲ್ಕು ಎಂದು. ಹದಿನಾರೇ ಸಾಲು. ಅದನ್ನು ನಾನು ಒಂದು ಬೆಳಿಗ್ಗೆ ಕಾಲೇಜಿಗೆ ಹೊರಡುವ ಮುಂಚೆ, ಕಾಫಿ ಆರುವುದರೊಳಗೆ ಬರೆದು ಮುಗಿಸಿದೆ. ಏಳು ವರ್ಷದಲ್ಲಿ ಸಲೀಸಾಗಿ ಆದ ಕೆಲಸ ಅದೊಂದೇ.

ಸಲೀಸಾಗಲು ಕಾರಣ ಅವ್ವ. ನಮ್ಮ ಅಡುಗೆಮನೆಯಲ್ಲಿ ಕಿಲೋ, ಲೀಟರು ಬಂದಿರಲೇ ಇಲ್ಲ. ಹಿತ್ತಾಳೆಯ ಅಳತೆಗಳು ಒಂದರೊಳಗೊಂದು ಕೂತಿರುತ್ತಿದ್ದವು: ಸೇರು, ಅದರ ಅರ್ಧ ಅಚ್ಚೇರು, ಅದರ ಅರ್ಧ ಪಾವು, ಅದರ ಅರ್ಧ ಅರೆಪಾವು, ಕೊನೆಯಲ್ಲಿ ಹೆಬ್ಬೆರಳಿನಷ್ಟು ಚಟಾಕು. ಹದಿನಾರು ಚಟಾಕು ಒಂದು ಸೇರು. ಸೇರಿಗಿಂತ ಕಮ್ಮಿ ಎಷ್ಟೇ ಬೇಕಾದರೂ ಕೆಳಗಿನ ನಾಲ್ಕು ಅಳತೆಯಲ್ಲಿ ಒಂದೊಂದನ್ನು ಹಾಕಿ ಅಥವಾ ಬಿಟ್ಟು ಕೊಡಬಹುದು. ಗದ್ದೆ ಕೆಲಸಕ್ಕೆ ಬಂದ ಹೆಂಗಸರಿಗೆ ಅವ್ವ ಅಕ್ಕಿ ಅಳೆದು ಹಾಕುವಾಗ ನಾನು ಎಳೆವಯಸ್ಸಿನಿಂದ ಪಕ್ಕದಲ್ಲಿ ಮೊರ ಹಿಡಿದು ನಿಂತವಳು. ಮೊದಲ ಅಳತೆಗೆ ಅವಳು 'ಒಂದು' ಎನ್ನದೆ 'ಲಾಭ' ಎನ್ನುತ್ತಿದ್ದಳು. ಮತ್ತೆ ಯಾವಾಗಲೂ ದೊಡ್ಡದರಿಂದಲೇ ಶುರು. ಸೆರಗೊಡ್ಡಿ ನಿಂತವರ ಎದುರು ಮೊದಲು ಚಟಾಕು ಎತ್ತಿದರೆ ಅವರಿಗೂ ಅವಮಾನ, ಮನೆಗೂ ಏಳಿಗೆಯಲ್ಲ. ಅಚ್ಚೇರು ಹಾಕು ಇಲ್ಲವೇ ಬಿಡು, ಪಾವು ಹಾಕು ಇಲ್ಲವೇ ಬಿಡು, ಅರೆಪಾವು, ಕಡೆಗೆ ಚಟಾಕು.

ಹೆಕ್ಸ್ ಅಂಕಿ ಎಂದರೆ ಇದೇ ಅಲ್ಲವೇ ಎಂದು ಆ ಬೆಳಿಗ್ಗೆ ಹೊಳೆದು ನನಗೆ ನಗು ಬಂತು. ಓದು ಬರಹ ಬಾರದ ನಮ್ಮವ್ವ ಹದಿನಾರರ ಲೆಕ್ಕದಲ್ಲೇ ಸಂಸಾರ ಮಾಡಿದ್ದಾಳೆ. ಪುಸ್ತಕ ನೋಡದೆ, ಅವಳ ಕೈ ನೆನೆಸಿಕೊಂಡು, ಹದಿನಾರು ಸಾಲನ್ನೂ ಬರೆದೆ. ಎಫ್ ಕೊಟ್ಟು ನೋಡಿದೆ, ಹದಿನೈದು ಬಂತು. ಸೊನ್ನೆ ಕೊಟ್ಟೆ, ಸೊನ್ನೆ ಬಂತು. ಗೈಡ್ ಮೊದಲಿನಿಂದಲೂ ಹೇಳುತ್ತಿದ್ದರು, "ತುದಿ ಎರಡೂ ಸರಿ ಇದ್ರೆ ನಡು ಸರಿ ಇರ್ತದೆ ಅಂತ ಇಟ್ಕೋ, ಎಲ್ಲಾ ನೋಡ್ತಾ ಕೂತ್ರೆ ಮುದುಕಿ ಆಗ್ತೀಯ." ನಾನು ಮುಂದಕ್ಕೆ ಹೋದೆ.

ಆಮೇಲಿನದೆಲ್ಲ ಕಷ್ಟದ ಕಾಲ. ಅದನ್ನು ಬಣ್ಣಿಸಿ ಬರೆಯುವ ಉತ್ಸಾಹ ನನಗಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಎಂಟರವರೆಗೆ ಕೂರುತ್ತಿದ್ದೆ. ಅಷ್ಟರಲ್ಲಿ ಎರಡು ಸಲ ಕರೆಂಟು ಹೋಗುತ್ತಿತ್ತು. ಒಂದು ಹೆಜ್ಜೆ ಒಪ್ಪಿಸಲು ಒಂದು ತಿಂಗಳು ಹಿಡಿದದ್ದಿದೆ. ಒಂದು ಇಡೀ ಬೇಸಿಗೆ ರಜೆ, ಎರಡು ಸರಪಳಿಗಳನ್ನು ಕೂಡಿದರೆ ಕೈಯಲ್ಲಿ ಉಳಿದ ದಶಕ ಎಲ್ಲಿಗೆ ಹೋಗುತ್ತದೆ ಎಂಬ ಒಂದೇ ಸಂಗತಿಗೆ ಖರ್ಚಾಯಿತು. ಜೊತೆಯವರು ಮಕ್ಕಳ ಮದುವೆ, ಸೈಟು ಎಂದು ಮಾತಾಡುವಾಗ ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ಏಳನೆಯ ಸ್ಥಾನದಲ್ಲಿ ಒಂದಿದ್ದರೆ ಏನಾಗುತ್ತದೆ, ಸೊನ್ನೆಯಿದ್ದರೆ ಏನಾಗುತ್ತದೆ ಎಂದು ಯೋಚಿಸುತ್ತಿದ್ದೆ. ಕಾಲೇಜಿನಲ್ಲಿ ನನ್ನ ಬೆನ್ನ ಹಿಂದೆ "ಸೊನ್ನೆ ಮೇಡಂ" ಎನ್ನುತ್ತಾರೆ ಎಂದು ಗೊತ್ತಾದಾಗ ಕೋಪ ಕೂಡ ಬರಲಿಲ್ಲ. ಎಷ್ಟೋ ದಿನ ಇದನ್ನು ಬಿಟ್ಟುಬಿಡೋಣ ಅನ್ನಿಸಿದೆ. ಬಿಟ್ಟರೆ ಬೆಳಿಗ್ಗೆ ಐದರಿಂದ ಎಂಟರವರೆಗೆ ಏನು ಮಾಡುವುದು ಎಂದು ಹೆದರಿಕೆಯಾಗಿ ಮತ್ತೆ ಕೂತಿದ್ದೇನೆ.

ಇಷ್ಟರಲ್ಲಿ ಗೈಡಿಗೆ ವಯಸ್ಸಾಗಿತ್ತು. ಎಪ್ಪತ್ತು ತುಂಬಿದ ಮೇಲೆ ಅವರ ಹೆಸರಿನಲ್ಲಿ ಪ್ರಬಂಧ ಒಪ್ಪಿಸುವ ಹಾಗಿಲ್ಲ ಎಂದು ವಿಶ್ವವಿದ್ಯಾನಿಲಯದಿಂದ ಕಾಗದ ಬಂತು. ಅವರಿಗೆ ಎಪ್ಪತ್ತು ತುಂಬುವುದು ಮಾರ್ಚ್ ಕೊನೆಗೆ. ನನಗೆ ಆಗಲೇ ಎರಡು ಸಲ ಗಡುವು ಮುಂದೂಡಿ ಕೊಟ್ಟಾಗಿತ್ತು. ಬೇರೆ ಗೈಡ್ ಇಲ್ಲ, ಬೇರೆ ಗಡುವೂ ಇಲ್ಲ. ಆ ಮಾರ್ಚ್ ಕಳೆದರೆ ಏಳು ವರ್ಷ ಹೊಳೆಗೆ ಹೋದ ಹಾಗೆ.

ಫೆಬ್ರವರಿಯ ಒಂದು ಬೆಳಿಗ್ಗೆ ತಂತ್ರಾಂಶ ಕೊನೆಯ ಸಾಲನ್ನು ಒಪ್ಪಿತು. ನನಗೆ ನಂಬಿಕೆಯಾಗದೆ ಕಂಪ್ಯೂಟರ್ ಆರಿಸಿ, ಹಚ್ಚಿ, ಮೊದಲಿನಿಂದ ಓಡಿಸಿದೆ. ಮೂರು ಗಂಟೆ ಓಡಿ ಮತ್ತೆ ಒಪ್ಪಿತು. ಅಡುಗೆಮನೆಗೆ ಹೋಗಿ, "ಅವ್ವಾ, ಮುಗೀತು" ಎಂದೆ. ಅವ್ವ ದೇವರ ಗೂಡಿನ ಹತ್ತಿರ ಹೋಗಿ ಕೈ ಮುಗಿದು ಬಂದಳು. ಹೆಗ್ಗದ್ದೆಗೆ ಹೋಗಿ ಹೇಳಿದಾಗ ಗೈಡ್ ಎದ್ದು ಒಳಗೆ ಹೋಗಿ ಎಷ್ಟೋ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಮುಖ ತೊಳೆದುಕೊಂಡಿದ್ದರು. "ನನ್ ಕೈಲಿ ಒಂದಾದ್ರೂ ಪೂರಾ ಆಯ್ತಲ್ಲಮ್ಮ" ಎಂದರು. ಅವರ ಮಿಕ್ಕ ಶಿಷ್ಯರೆಲ್ಲ ಅರ್ಧಕ್ಕೆ ಬಿಟ್ಟು ಕೆಲಸಕ್ಕೆ ಹೋದವರು ಎಂದು ನನಗೆ ಆವತ್ತೇ ಗೊತ್ತಾಗಿದ್ದು.

ಹಾಸನದಲ್ಲಿ ಐದು ಪ್ರತಿ ಕಟ್ಟಿಸಿದೆ. ಕಪ್ಪು ರೆಕ್ಸಿನ್, ಬಂಗಾರದ ಅಕ್ಷರ. ಈ ಕೆಲಸ ನನ್ನ ಮಾರ್ಗದರ್ಶನದಲ್ಲಿ ನಡೆದಿದೆ, ನಾನು ಪರಿಶೀಲಿಸಿದ್ದೇನೆ ಎಂಬ ಪುಟಕ್ಕೆ ಗೈಡ್ ಐದರಲ್ಲೂ ಸಹಿ ಹಾಕಿದರು. ಒಪ್ಪಿಸಲು ಇನ್ನು ಹನ್ನೊಂದು ದಿನವಿತ್ತು. ಮೈಸೂರಿಗೆ ತಾನೂ ಬರುತ್ತೇನೆ ಎಂದು ಅವ್ವ ಹೇಳಿದ್ದಳು. ಪುಸ್ತಕ ಕೊಡುವಾಗ ವಿಶ್ವವಿದ್ಯಾನಿಲಯದವರು ಹೇಗೆ ಇಸಿದುಕೊಳ್ಳುತ್ತಾರೆ ಎಂದು ನೋಡಬೇಕಂತೆ.

ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಆಗಿ ಎರಡು ದಿನವಾಗಿತ್ತು. ಭಾನುವಾರ. ಕರೆಂಟಿತ್ತು, ನನಗೆ ಮಾಡಲು ಏನೂ ಇರಲಿಲ್ಲ. ಅವ್ವ ಅಕ್ಕಿ ಆರಿಸುತ್ತಾ ಕೋಣೆಯ ಬಾಗಿಲಲ್ಲಿ ಕೂತಿದ್ದಳು.

"ಅಲ್ಲ ಕಣ್ ಮಗ, ಇಷ್ಟ್ ವರ್ಷ ಅದ್ರ ಮುಂದೆ ಕೂತಿದ್ಯಲ್ಲ, ಅದು ಮಾಡೋದಾದ್ರೂ ಏನು?" ಎಂದಳು.

ಆವರೆಗೆ ಅವಳು ಕೇಳಿರಲಿಲ್ಲ, ನಾನು ಹೇಳಿರಲಿಲ್ಲ. ಖುಷಿಯಾಗಿದ್ದೆ, ಹೇಳೋಣ ಅನ್ನಿಸಿತು. "ನಿನ್ ಅಚ್ಚೇರು ಪಾವಿನ ಲೆಕ್ಕನೇ ಕಣವ್ವ ಇದ್ರಲ್ಲಿರೋದು. ನೀನ್ ಒಂದ್ ಅಳತೆ ಹೇಳು, ಎಷ್ಟ್ ಚಟಾಕು ಅಂತ ಇದು ಹೇಳ್ತದೆ" ಎಂದೆ.

"ಮುಕ್ಕಾಲು ಸೇರು" ಎಂದಳು ಅವ್ವ.

ಮುಕ್ಕಾಲು ಸೇರು ಎಂದರೆ ಹನ್ನೆರಡು ಚಟಾಕು. ಹೆಕ್ಸಿನಲ್ಲಿ ಸಿ. ನಾನು ಸಿ ಎಂದು ಕೊಟ್ಟು, ಮಾಮೂಲಿ ಅಂಕಿಯಲ್ಲಿ ತೋರಿಸು ಎಂದೆ. ಪರದೆಯ ಮೇಲೆ ಮೂರು ಬಂತು.

"ಎಷ್ಟಂತೆ?" ಎಂದಳು ಅವ್ವ.

"ಮೂರು" ಎಂದೆ, ನಾನು ಏನು ಹೇಳುತ್ತಿದ್ದೇನೆಂದು ನನಗೇ ತಿಳಿಯದೆ.

ಅವ್ವ ನಕ್ಕಳು. "ಮೂರ್ ಚಟಾಕಾ? ಮುಕ್ಕಾಲು ಸೇರು ಹಾಕುದ್ರೆ ಮೂರ್ ಚಟಾಕು ಕೊಡ್ತೈತಾ ನಿನ್ ಮಿಷನ್ನು? ಒಂಬತ್ ಚಟಾಕು ನುಂಗ್ಬುಡ್ತಲ್ಲೇ!"

ನಾನು ನಗಲಿಲ್ಲ. ಒಂದು ಎಂದು ಕೊಟ್ಟೆ, ಎಂಟು ಬಂತು. ಎರಡು ಕೊಟ್ಟೆ, ನಾಲ್ಕು ಬಂತು. ಗೋಡೆಯ ಮೇಲೆ ನಾನೇ ಅಂಟಿಸಿದ್ದ ಚೀಟಿ ಇತ್ತು, ಚಿಕ್ಕದು ಮೊದಲು ಎಂದು. ಕೋಷ್ಟಕ ತೆಗೆದು ನೋಡಿದೆ. ಹದಿನಾರು ಸಾಲಿನಲ್ಲೂ ದೊಡ್ಡದು ಮೊದಲಿತ್ತು. ಅಚ್ಚೇರು, ಪಾವು, ಅರೆಪಾವು, ಚಟಾಕು. ಅವ್ವನ ಕೈ ಹೇಗೆ ಹೋಗುತ್ತಿತ್ತೋ ಹಾಗೆಯೇ ಬರೆದಿದ್ದೆ. ಆಕಡೆಯಿಂದ ಓದಿದರೂ ಈಕಡೆಯಿಂದ ಓದಿದರೂ ಒಂದೇ ಆಗಿರುವ ಅಂಕಿಗಳು ಹದಿನಾರರಲ್ಲಿ ನಾಲ್ಕೇ ನಾಲ್ಕು, ಸೊನ್ನೆ, ಆರು, ಒಂಬತ್ತು, ಎಫ್. ನಾನು ಪರೀಕ್ಷೆ ಮಾಡಿ ನೋಡಿದ್ದು ಅವುಗಳಲ್ಲಿ ಎರಡನ್ನು. ಮಿಕ್ಕ ಹನ್ನೆರಡೂ ತಪ್ಪು.

ಹಾಗಾದರೆ ಏಳು ವರ್ಷ ಅದು ಒಪ್ಪಿದ್ದು ಹೇಗೆ? ಅದನ್ನು ತಿಳಿಯಲು ನನಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಪ್ರೋಗ್ರಾಮಿನ ಸಾಲುಗಳನ್ನೂ, ಚಿಪ್ಪು ಯಾವ ಅಂಕಿಗೆ ಏನು ಮಾಡುತ್ತದೆ ಎಂಬ ವಿವರವನ್ನೂ ಅದೇ ಕೋಷ್ಟಕದ ಮೂಲಕ ಬರೆದಿದ್ದೆ. ಎರಡೂ ಒಂದೇ ರೀತಿ ತಪ್ಪಾಗಿ, ಒಂದಕ್ಕೊಂದು ಸರಿಹೊಂದಿದ್ದವು. ಗುಣಿಸುವಾಗ ಪ್ರೋಗ್ರಾಮ್ ಎಷ್ಟು ಸುತ್ತು ತಿರುಗಬೇಕು ಎಂಬ ಹದಿನಾರನ್ನು ಮಾತ್ರ ಉದಾಸೀನದಿಂದ ಮಾಮೂಲಿ ಅಂಕಿಯಲ್ಲಿ ಬರೆದಿದ್ದೆ. ಅದೊಂದನ್ನು ಹೆಕ್ಸಿನಲ್ಲಿ ಬರೆದಿದ್ದರೆ ಮೊದಲ ವರ್ಷವೇ ಸಿಕ್ಕಿಬೀಳುತ್ತಿದ್ದೆ. ಸಾಧನೆಯಲ್ಲಿ ಎಲ್ಲೂ ಸಂದಿಲ್ಲ ಎಂದದ್ದು ನಿಜ. ನಾನು ಸಾಧಿಸಿದ್ದು ಹೆಗ್ಗದ್ದೆಯ ಸ್ಟೋರಿನಲ್ಲಿರುವ ಚಿಪ್ಪಿನ ಬಗ್ಗೆ ಆಗಿರಲಿಲ್ಲ, ಅಷ್ಟೆ. ಭೂಮಿಯ ಮೇಲೆ ಎಲ್ಲೂ ಇಲ್ಲದ, ಯಾರೂ ಮಾಡದ ಒಂದು ಚಿಪ್ಪು ತಪ್ಪದೆ ಗುಣಿಸುತ್ತದೆ ಎಂದು ನಾನು ಏಳು ವರ್ಷ ಕೂತು ಸಾಧಿಸಿದ್ದೆ. ನಾನು ಬರೆದುಕೊಟ್ಟ ಅರ್ಥವನ್ನು ಆ ತಂತ್ರಾಂಶ ಯಾವತ್ತೂ ಪ್ರಶ್ನಿಸುವುದಿಲ್ಲ. ಅದರ ಮೇಲಿನ ತರ್ಕವನ್ನಷ್ಟೇ ನೋಡುತ್ತದೆ. ಇದನ್ನು ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಟ್ಟಿದ್ದೆ.

ಕೋಷ್ಟಕದ ಹದಿನಾರು ಸಾಲನ್ನು ತಿರುಗಿಸಿ ಬರೆದೆ. ಎರಡು ನಿಮಿಷದ ಕೆಲಸ. ಮತ್ತೆ ಓಡಿಸಿದೆ. ಮೊದಲ ಅಧ್ಯಾಯದಲ್ಲೇ ನಿಂತಿತು. ಈ ಸ್ಥಾನದಲ್ಲಿ ಸೊನ್ನೆಯಿದ್ದರೆ ಹೀಗೆ, ಒಂದಿದ್ದರೆ ಹಾಗೆ ಎಂದು ಸ್ಥಾನ ಸ್ಥಾನ ಹಿಡಿದು ಬರೆದ ಸಾವಿರಾರು ಸಾಲು. ಸ್ಥಾನಗಳೇ ಅದಲುಬದಲಾದ ಮೇಲೆ ಒಂದೂ ಕೂರಲಿಲ್ಲ. ಒಂದನ್ನು ಸರಿ ಮಾಡಿದರೆ ಮುಂದಿನದರಲ್ಲಿ ನಿಲ್ಲುತ್ತಿತ್ತು. ರಜೆ ಹಾಕಿ ನಾಲ್ಕು ದಿನ ಕೂತೆ. ಅದರಲ್ಲಿ ಎರಡು ದಿನ ಹಗಲೆಲ್ಲ ಕರೆಂಟಿಲ್ಲ. ನಾಲ್ಕನೆಯ ದಿನದ ಹೊತ್ತಿಗೆ ಒಂಬತ್ತು ಅಧ್ಯಾಯದಲ್ಲಿ ಒಂದರ ಕಾಲು ಭಾಗ ಆಗಿತ್ತು. ಇದು ವರ್ಷದ ಕೆಲಸ, ನನಗಿರುವುದು ವಾರ ಎಂದು ಗೊತ್ತಾಗಿ ಕೈಬಿಟ್ಟೆ.

ಅವ್ವನಿಗೆ ನಾನು ಏನೂ ಹೇಳಿರಲಿಲ್ಲ. ಹೇಳದಿದ್ದರೂ ಅವಳಿಗೆ ತಿಳಿಯಿತು. ನಾಲ್ಕು ದಿನ ಊಟದ ತಟ್ಟೆಯ ಮುಂದೆ ನಾನು ಹೇಗೆ ಕೂತಿದ್ದೆ ಎಂದು ನೋಡಿದ್ದಳು. ಐದನೆಯ ದಿನ ಬೆಳಿಗ್ಗೆ ಕಾಫಿ ತಂದಿಟ್ಟು, ಅಲ್ಲೇ ನಿಂತಳು.

"ಅವತ್ತು ನಾನಂದಿದ್ದು ನಿಜನಾ ಮಗ? ತಪ್ಪೈತಾ ಅದ್ರಲ್ಲಿ?"

"ಹೂಂ ಕಣವ್ವ."

"ಯಾರಿಗಾದ್ರೂ ಗೊತ್ತಾಯ್ತದಾ?"

"ಇಲ್ಲ. ಯಾರಿಗೂ ಗೊತ್ತಾಗಲ್ಲ" ಎಂದೆ. ಅದು ನಿಜ. ಪರೀಕ್ಷಕರು ಮುನ್ನೂರು ಪುಟದಲ್ಲಿ ಆ ಹದಿನಾರು ಸಾಲಿನ ಮೇಲೆ ಕಣ್ಣು ಇಡುತ್ತಿರಲಿಲ್ಲ. ತಂತ್ರಾಂಶ ಒಪ್ಪಿದೆಯೇ ಎಂದು ಕೇಳುತ್ತಿದ್ದರು, ಒಪ್ಪಿದೆ.

ಅವ್ವ ಸೆರಗಿನ ತುದಿ ಹಿಡಿದು ತಿರುವುತ್ತಾ ನಿಂತಿದ್ದಳು. "ಅಂಗಾದ್ರೆ ಕೊಟ್ಬುಡು" ಎಂದಳು. "ನಾನೇನೂ ನೋಡ್ಲಿಲ್ಲ. ನಂಗೇನ್ ಓದಾಕ್ ಬತ್ತದಾ?"

ಸೆರಗೊಡ್ಡಿ ನಿಂತ ಯಾವ ಹೆಂಗಸಿಗೂ ಅರೆ ಚಟಾಕು ಕಮ್ಮಿ ಹಾಕದವಳು ನನ್ನ ಅವ್ವ. ಅಕ್ಕಿಯನ್ನು ಅಳತೆಯ ಬಾಯಿಂದ ಗೋಪುರವಾಗಿ ಏರಿಸಿ, ಉದುರಿದ್ದನ್ನೂ ಅವರಿಗೇ ಬಾಚಿ ಕೊಡುತ್ತಿದ್ದಳು. ಅವಳ ಬಾಯಿಂದ ಈ ಮಾತು ಕೇಳಬೇಕಾಯಿತಲ್ಲ ಎಂದು ನನಗೆ ಅಳು ಬಂತು. ಅವಳ ಮೇಲೆ ರೇಗಿಬಿಟ್ಟೆ. "ಸುಮ್ನಿರವ್ವ, ಗೊತ್ತಿಲ್ದಿದ್ರೆ ಮಾತಾಡ್ಬೇಡ" ಎಂದೆ. ಅವಳು ನಾನು ಮುಟ್ಟದ ಕಾಫಿ ಎತ್ತಿಕೊಂಡು ಹೋದಳು.

ಮರುದಿನ ಐದು ಪ್ರತಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೆಗ್ಗದ್ದೆಗೆ ಹೋದೆ. ಜೀಪಿರಲಿಲ್ಲ, ನಡೆದೆ. ಕಾಫಿ ಹೂ ಬಿರಿದು ಇಡೀ ದಾರಿ ಘಮ್ಮೆನ್ನುತ್ತಿತ್ತು. ಗೈಡ್ ಜಗಲಿಯಲ್ಲಿದ್ದರು. ಚೀಲ ನೋಡಿ, "ಇದೇನು, ಮೈಸೂರಿಗ್ ಹೋಗೋದ್ ಬಿಟ್ಟು ಇಲ್ಲಿಗ್ ಹೊತ್ಕೊಂಡ್ ಬಂದೆ?" ಎಂದರು. ನಾನು ನಿಂತುಕೊಂಡೇ ಹೇಳಿದೆ. ಮುಕ್ಕಾಲು ಸೇರಿನಿಂದ ಹಿಡಿದು ಎಲ್ಲ.

ನಾನು ನಿಲ್ಲಿಸಿದ ಮೇಲೆ, ಒಂದು ಪ್ರತಿ ಕೇಳಿ, ಕನ್ನಡಕ ಹಾಕಿಕೊಂಡು ಅನುಬಂಧದಲ್ಲಿದ್ದ ಕೋಷ್ಟಕಕ್ಕೆ ಹೋದರು. ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಓದಿದರು. ಹದಿನಾರನೆಯ ಸಾಲಿನವರೆಗೂ ಓದಿದರು, ಮೊದಲ ನಾಲ್ಕರಲ್ಲೇ ತಿಳಿದಿರಬೇಕಾದರೂ.

"ಇದನ್ನ ನಾನು ಮೂರ್ ಸಲ ಓದಿದೀನಿ" ಎಂದರು.

ಪುಸ್ತಕ ಮುಚ್ಚಿ ನನ್ನ ಕಡೆಗೆ ತಳ್ಳಿದರು.

"ಯಾಕಮ್ಮ ಬಂದೆ ನೀನು? ಕೊಟ್ಟು, ಎಲ್ಲಾ ಆದ್ಮೇಲೆ ಬಂದು ಹೇಳಿದ್ರೆ ಆಗ್ತಿರ್ಲಿಲ್ವಾ? ಈಗ ನಾನೇನ್ ಮಾಡ್ಲಿ?"

ಅವರು ನನ್ನನ್ನು ಮೆಚ್ಚುತ್ತಾರೆ ಎಂದು ದಾರಿಯುದ್ದಕ್ಕೂ ಎಲ್ಲೋ ಒಂದು ಕಡೆ ನಂಬಿಕೊಂಡು ಬಂದಿದ್ದೆ ಎಂದು ಆಗ ಗೊತ್ತಾಯಿತು. ನಾಚಿಕೆಯಾಯಿತು. ನಿಜ ಹೇಳಬೇಕೆಂದು ಬಂದೆನೋ, ಏಳು ವರ್ಷದ ಹೊರೆಯನ್ನು ಅವರ ತಲೆಗೂ ಅರ್ಧ ಹೊರಿಸಲು ಬಂದೆನೋ, ಈಗಲೂ ನನಗೆ ಹೇಳಲು ಬರುವುದಿಲ್ಲ. "ನೀವ್ ಹೇಳಿದ ಹಾಗೆ ಮಾಡ್ತೀನಿ ಸಾರ್" ಎಂದೆ. ಅದೂ ಹೇಡಿತನವೇ.

ಅವರು ಜೇಬಿನಿಂದ ಪೆನ್ನು ತೆಗೆದರು. ಐದು ಪ್ರತಿಗಳನ್ನೂ ಒಂದೊಂದಾಗಿ ತೆರೆದು, ತಮ್ಮ ಸಹಿಯ ಮೇಲೆ ಅಡ್ಡ ಗೆರೆ ಎಳೆದು, ತಾರೀಖು ಹಾಕಿದರು. ಐದನೆಯದರಲ್ಲಿ ಶಾಯಿ ಬರದೆ ಎರಡು ಸಲ ಎಳೆಯಬೇಕಾಯಿತು. "ಮಿಕ್ಕಿದ್ದಾದ್ರೂ ಸರಿ ಇದ್ಯಾ?" ಎಂದು ಕೇಳಿದರು.

"ಗೊತ್ತಿಲ್ಲ ಸಾರ್" ಎಂದೆ.

ಊಟ ಮಾಡಿಕೊಂಡು ಹೋಗು ಎಂದು ಅವತ್ತು ಅವರು ಹೇಳಲಿಲ್ಲ. ಜೀಪು ಸಿಕ್ಕಿತು. ಚೀಲ ತೊಡೆಯ ಮೇಲಿಟ್ಟುಕೊಂಡು ಸಕಲೇಶಪುರಕ್ಕೆ ಬಂದು, ಬೆಳಗೋಡಿನ ಬಸ್ಸು ಹತ್ತಿದೆ. ಅವ್ವನಿಗೆ ಹೇಳಲು ಬಾಯಿ ಬರಲಿಲ್ಲ. ಕಾಲೇಜು, ಮನೆ, ಕಾಲೇಜು ಎಂದು ಮೂರು ದಿನ ತಲೆ ತಗ್ಗಿಸಿಕೊಂಡು ಓಡಾಡಿದೆ. ಅವಳೂ ಕೇಳಲಿಲ್ಲ. ನಾನು ರೇಗಿದ ಮೇಲೆ ಅವಳು ಆ ವಿಷಯ ಎತ್ತುವುದನ್ನೇ ಬಿಟ್ಟಿದ್ದಳು.

ಒಪ್ಪಿಸುವ ಕೊನೆಯ ದಿನ ಬೆಳಿಗ್ಗೆ ನಾನು ಎದ್ದು ಹೊರಗೆ ಬರುವಾಗ ಅವ್ವ ಜಗಲಿಯಲ್ಲಿ ನಿಂತಿದ್ದಳು. ತಲೆ ಬಾಚಿ, ಹೂ ಮುಡಿದು, ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಮಡಿಸಿಟ್ಟಿದ್ದ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಮಡಿಕೆಯ ಗೆರೆಗಳು ಹಾಗೆಯೇ ಎದ್ದು ಕಾಣುತ್ತಿದ್ದವು. ಬುತ್ತಿಯ ಗಂಟು ಒಂದು ಕೈಯಲ್ಲಿ. ಇನ್ನೊಂದು ಕೈಯಲ್ಲಿ ನನ್ನ ಚೀಲ. ಐದು ಪ್ರತಿಯ ಭಾರಕ್ಕೆ ಒಂದು ಕಡೆಗೆ ವಾಲಿಕೊಂಡಿದ್ದಳು.

"ಏಳೂವರೆ ಬಸ್ಸಿಗೆ ಹೊತ್ತಾಯ್ತು. ಬಿರ್ರನೆ ಮುಖ ತೊಳ್ಕೊ" ಎಂದಳು.

"ಅವ್ವ, ನಾವ್ ಹೋಗ್ತಿಲ್ಲ. ಸಾರ್ ತಮ್ ಸಹಿ ಮೇಲೆ ಗೆರೆ ಎಳೆದ್ಬುಟ್ರು. ನಾನೇ ಹೇಳ್ಬುಟ್ಟೆ" ಎಂದೆ.

ಅವ್ವ ಚೀಲವನ್ನು ಕೆಳಗಿಡಲಿಲ್ಲ. ನನ್ನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಮೇಲಾಗಿತ್ತು.

"ಎಲ್ಲಾ ನನ್ನಿಂದ್ಲೇ" ಎಂದಳು. "ಅವತ್ತು ನಾನ್ ಸುಮ್ನೆ ಅಕ್ಕಿ ಆರುಸ್ಕೊಂಡ್ ಇದ್ದಿದ್ರೆ ಆಗ್ತಿತ್ತು."

ತಪ್ಪು ನನ್ನದು ಎಂದು ಹೇಳಲು ಹೋದೆ. ಹಾಗೆ ಹೇಳಬೇಕಾದರೆ ಕೋಷ್ಟಕ ಹೇಗೆ ಬರೆದೆ ಎಂದು ಹೇಳಬೇಕಿತ್ತು, ಯಾರ ಕೈ ನೋಡಿ ಬರೆದೆ ಎಂದೂ ಹೇಳಬೇಕಿತ್ತು. ಬಾಯಿ ಮುಚ್ಚಿಕೊಂಡೆ. ರಸ್ತೆಯಲ್ಲಿ ಏಳೂವರೆಯ ಬಸ್ಸು ಹಾರನ್ ಹೊಡೆದು, ಒಂದು ಗಳಿಗೆ ನಿಂತು, ಹೋಯಿತು. ಅವ್ವ ಜಗಲಿಯ ಮೇಲೆ ಕೂತಳು, ಚೀಲ ತೊಡೆಯ ಮೇಲೆಯೇ ಇತ್ತು. ನಾನು ಕಾಲೇಜಿಗೆ ಹೋಗಿ, ಎರಡು ತರಗತಿ ಮುಗಿಸಿ, ಸಂಜೆ ಬಂದಾಗಲೂ ಅವಳು ಅಲ್ಲೇ ಕೂತಿದ್ದಳು, ಅದೇ ಸೀರೆಯಲ್ಲಿ.